ಇಂಜೆಕ್ಷನ್ ಕೊಟ್ಟಾಯ್ತು, ಈಗ ಗಂಟೆ ಎಷ್ಟು?

ಆಂಬುಲೆನ್ಸ್ ಕೆಲಸಕ್ಕೆ ಸೇರಿ ಎರಡನೇ ವರ್ಷ. ಯಾರಿಗೋ ಜೇನುನೊಣ ಕಚ್ಚಿದೆ ಎಂದು ಕರೆ ಬಂತು. ಹೋಗಿ ನೋಡಿದರೆ ನಲವತ್ತು ದಾಟಿದ ಗಂಡಸು, ಗೋಡೆಗೆ ಒರಗಿ ಕೂತಿದ್ದರು. ಮೈತುಂಬಾ ದದ್ದು. ತುಟಿ ಊದಿತ್ತು. ಎರಡು ಸಲ ವಾಂತಿ ಆಗಿತ್ತು. ಹೆಸರು ಕೇಳಿದರೆ ಧ್ವನಿ ಗೊಗ್ಗರಾಗಿ ಬಂತು. ಬಿಪಿ ನೋಡಿದೆ, ಮೇಲಿನ ಅಂಕಿ 84.

ನನ್ನ ಕೈ ಮೊದಲು ಹೋಗಿದ್ದು ಅಲರ್ಜಿ ಇಂಜೆಕ್ಷನ್ ಕಡೆಗೆ. ಫೆನಿರಮಿನ್ ಕೊಟ್ಟೆ. ಹಿಂದೆಯೇ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟೆ. ಡ್ರಿಪ್ ಹಾಕಿದೆ. ಬೇಕಾದ್ದೆಲ್ಲ ಮಾಡಿದ್ದೇನೆ ಅಂದುಕೊಂಡು, ಗುಣ ಕಾಣಲಿ ಎಂದು ಕಾಯುತ್ತಾ ಕೂತೆ. ಅಡ್ರಿನಲಿನ್ ಆಂಪೂಲ್ ಕಣ್ಣಿಗೆ ಬಿದ್ದಿತ್ತು. ಮುಟ್ಟಲಿಲ್ಲ. ನನ್ನ ತಲೆಯಲ್ಲಿ ಅದು ಹೃದಯ ನಿಂತವರಿಗೆ ಕೊಡುವ ಔಷಧಿ. ಮಾತಾಡುತ್ತಿರುವ ಮನುಷ್ಯನಿಗೆ ಕೊಟ್ಟು ಹೃದಯಕ್ಕೇ ಏನಾದರೂ ಆದರೆ ಎಂಬ ಭಯ.

ಸುಮಾರು ಎಂಟು ನಿಮಿಷ ಹೀಗೇ ಕಳೆಯಿತು. ಅವರ ಉಸಿರಿನಲ್ಲಿ ಕೀರಲು ಸದ್ದು ಶುರುವಾಯಿತು. ಕೈ ತಣ್ಣಗಾಯಿತು. ನನ್ನ ಜೊತೆಗಿದ್ದ ಹಿರಿಯರು ಸ್ಟ್ರೆಚರ್ ತೆಗೆದುಕೊಂಡು ಒಳಗೆ ಬಂದರು. ಅವರನ್ನು ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದೆವು. ಒಂದು ನೋಟ ನೋಡಿದರು, ಅಷ್ಟೇ. ಆಂಪೂಲ್ ಮುರಿದು ಅರ್ಧ ಎಂ.ಎಲ್. ಎಳೆದು, ಪ್ಯಾಂಟಿನ ಮೇಲಿಂದಲೇ ತೊಡೆಯ ಹೊರಬದಿಗೆ ಚುಚ್ಚಿದರು. ರೋಗಿಯನ್ನು ಮಲಗಿಸಿ ಕಾಲು ಎತ್ತರಕ್ಕೆ ಇಟ್ಟರು. ಐದು ನಿಮಿಷಕ್ಕೆ ಮತ್ತೆ ಅರ್ಧ ಎಂ.ಎಲ್. ಆಸ್ಪತ್ರೆ ಬಾಗಿಲು ತಲುಪುವಷ್ಟರಲ್ಲಿ ಬಿಪಿ 110ಕ್ಕೆ ಬಂದಿತ್ತು. ಆತ ಬದುಕಿದರು.

ವಾಪಸ್ ಬರುವಾಗ ಅಣ್ಣ ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು. "ನೀನು ಕೊಟ್ಟ ಹೈಡ್ರೋಕಾರ್ಟಿಸೋನ್ ಕೆಲಸ ಶುರು ಮಾಡೋಕೆ ಎಷ್ಟು ಹೊತ್ತು ಬೇಕು?"

ನನಗೆ ಗೊತ್ತಿರಲಿಲ್ಲ. ಡೋಸ್ ಗೊತ್ತಿತ್ತು, ಹೊತ್ತು ಗೊತ್ತಿರಲಿಲ್ಲ.

"ಗಂಟೆಗಟ್ಟಲೆ ಬೇಕು. ಅವರ ಹತ್ರ ಅಷ್ಟು ಹೊತ್ತಿತ್ತಾ?"

ಆ ರಾತ್ರಿ ಕೂತು ಬ್ಯಾಗಿನ ಔಷಧಿಗಳನ್ನೆಲ್ಲ ಮತ್ತೆ ಓದಿದೆ, ಈ ಸಲ ಬೇರೆ ರೀತಿಯಲ್ಲಿ. ಪ್ರತಿಯೊಂದರ ಮುಂದೆ ಮೂರು ವಿಷಯ ಬರೆದುಕೊಂಡೆ: ಯಾವಾಗ ಶುರುವಾಗುತ್ತದೆ, ಯಾವಾಗ ಮುಗಿಯುತ್ತದೆ, ರೋಗಿಯ ಹತ್ತಿರ ಎಷ್ಟು ಸಮಯ ಇದೆ. ಇವತ್ತಿಗೂ ಹೊಸಬರಿಗೆ ಹೇಳಿಕೊಡುವಾಗ ನಾನು ಇಲ್ಲಿಂದಲೇ ಶುರು ಮಾಡುವುದು.

ತೀವ್ರ ಅಲರ್ಜಿಯಿಂದ ಸತ್ತವರ ಬಗ್ಗೆ ಬ್ರಿಟನ್ನಿನಲ್ಲಿ ನಡೆದ ಒಂದು ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಹೃದಯ ಅಥವಾ ಉಸಿರು ನಿಲ್ಲುವುದಕ್ಕೆ ಹಿಡಿದ ಸಮಯದ ಮಧ್ಯದ ಲೆಕ್ಕ ಹೀಗಿದೆ. ಆಹಾರದ ಅಲರ್ಜಿಗೆ 30 ನಿಮಿಷ, ಹುಳ ಕಚ್ಚಿದ್ದಕ್ಕೆ 15 ನಿಮಿಷ, ಇಂಜೆಕ್ಷನ್‌ನಂಥ ಔಷಧಿಗೆ ಬರೀ 5 ನಿಮಿಷ. ನಾನು ಅವತ್ತು ಎಂಟು ನಿಮಿಷ ಕೂತಿದ್ದೆ. ಈ ಅಂಕಿ ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಅಲರ್ಜಿ ಮಾತ್ರೆ, ಅಲರ್ಜಿ ಇಂಜೆಕ್ಷನ್ ತುರಿಕೆ ಕಡಿಮೆ ಮಾಡುತ್ತವೆ, ದದ್ದು ಇಳಿಸುತ್ತವೆ. ಗಂಟಲ ಊತ ಬಿಡಿಸುವುದು, ಬಿದ್ದ ಬಿಪಿ ಎತ್ತುವುದು ಅವುಗಳಿಂದ ಆಗುವುದಿಲ್ಲ. ಅಡ್ರಿನಲಿನ್ ಒಂದೇ ಅದೆಲ್ಲ ಮಾಡುತ್ತದೆ. ರಕ್ತನಾಳ ಬಿಗಿ ಮಾಡುತ್ತದೆ, ಊತ ಇಳಿಸುತ್ತದೆ, ಶ್ವಾಸನಾಳ ತೆರೆಯುತ್ತದೆ. ತೊಡೆಯ ಸ್ನಾಯುವಿಗೇ ಯಾಕೆ ಕೊಡಬೇಕು ಅಂದರೆ ಅದಕ್ಕೂ ಸಮಯದ ಲೆಕ್ಕವೇ ಕಾರಣ. 1998ರಲ್ಲಿ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ತೊಡೆ ಸ್ನಾಯುವಿಗೆ ಕೊಟ್ಟ ಅಡ್ರಿನಲಿನ್ ರಕ್ತದಲ್ಲಿ ಗರಿಷ್ಠ ಮಟ್ಟ ತಲುಪಲು ಸರಾಸರಿ 8 ನಿಮಿಷ ಹಿಡಿಯಿತು. ಚರ್ಮದಡಿಗೆ ಕೊಟ್ಟಿದ್ದು 34 ನಿಮಿಷ ತೆಗೆದುಕೊಂಡಿತು. ಅದೇ ಔಷಧಿ. ಕೊಟ್ಟ ದಾರಿ ಬೇರೆ, ಅಷ್ಟೇ.

ಇನ್ನೊಂದು ಮಾತು. ಸ್ವಲ್ಪ ಚೇತರಿಸಿಕೊಂಡ ರೋಗಿ ಎದ್ದು ನಡೆದು ಬರುತ್ತೇನೆ ಅನ್ನುತ್ತಾರೆ. ಬಿಡಲೇಬೇಡಿ. ಮಲಗಿದ್ದವರು ಥಟ್ಟನೆ ಎದ್ದು ನಿಂತಾಗಲೇ ಹೃದಯ ನಿಂತ ಪ್ರಕರಣಗಳಿವೆ.

ಇದೇ ಅಡ್ರಿನಲಿನ್ ಬಗ್ಗೆ ನನಗಿದ್ದ ಭಯ ಪೂರ್ತಿ ಸುಳ್ಳೇನೂ ಅಲ್ಲ. ಒಂದು ಎಂ.ಎಲ್.ನಲ್ಲಿ ಒಂದು ಮಿಲಿಗ್ರಾಂ ಇರುವ ಗಟ್ಟಿ ಆಂಪೂಲನ್ನು, ಹೃದಯ ಬಡಿಯುತ್ತಿರುವವರ ನರಕ್ಕೆ, ಅಂದರೆ ರಕ್ತನಾಳಕ್ಕೆ, ಹಾಗೇ ಹಾಕಿದರೆ ಅಪಾಯವೇ. ಹೃದಯ ನಿಂತವರಿಗೆ ನರದಲ್ಲಿ ಒಂದು ಮಿಲಿಗ್ರಾಂ ಕೊಡುತ್ತೇವೆ, 3ರಿಂದ 5 ನಿಮಿಷಕ್ಕೊಮ್ಮೆ. ಅಲರ್ಜಿಗೆ ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ಸ್ನಾಯುವಿಗೆ. ಲೇಬಲ್ ಮೇಲೆ 1:1000, 1:10,000 ಎಂಬ ಅನುಪಾತ ಓದಿ ಗಡಿಬಿಡಿಯಲ್ಲಿ ಸೊನ್ನೆ ತಪ್ಪಿಸಿಕೊಂಡವರು ಪ್ರಪಂಚದ ಎಲ್ಲ ಕಡೆ ಇದ್ದಾರೆ. ಅಮೆರಿಕದಲ್ಲಿ 2016ರಿಂದ ಅಡ್ರಿನಲಿನ್ ಆಂಪೂಲ್ ಮೇಲೆ ಈ ಅನುಪಾತ ಹಾಕುವುದನ್ನೇ ನಿಲ್ಲಿಸಿದರು. ಎಂ.ಎಲ್.ಗೆ ಎಷ್ಟು ಮಿಲಿಗ್ರಾಂ ಅಂತ ಮಾತ್ರ ಬರೆಯುತ್ತಾರೆ. ನಾವಿಬ್ಬರು ಇದ್ದಾಗ ಒಬ್ಬರು ಜೋರಾಗಿ ಓದುತ್ತೇವೆ: "ಅಡ್ರಿನಲಿನ್, ಅರ್ಧ ಮಿಲಿಗ್ರಾಂ, ಅರ್ಧ ಎಂ.ಎಲ್., ತೊಡೆಗೆ." ಇನ್ನೊಬ್ಬರು ಆಂಪೂಲ್ ನೋಡಿಕೊಂಡು ಅದನ್ನೇ ತಿರುಗಿ ಹೇಳಬೇಕು. ಸುಮ್ನೆ ಹೂಂ ಅಂದರೆ ನಡೆಯುವುದಿಲ್ಲ.

ಶುರುವಾಗುವ ಸಮಯ ಅಂದರೆ ಔಷಧಿ ಮೈಗೆ ಸೇರಿದ ಮೇಲಿನ ಸಮಯ ಮಾತ್ರ ಅಲ್ಲ ಎಂದು ನನಗೆ ಗೊತ್ತಾಗಿದ್ದು ಫಿಟ್ಸ್ ರೋಗಿಗಳಿಂದ. ಕೈಕಾಲು ಜೋರಾಗಿ ಅದುರುತ್ತಿರುವವರಲ್ಲಿ ನರ ಹುಡುಕುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಒಬ್ಬರು ಕೈ ಅದುಮಿ ಹಿಡಿಯಬೇಕು, ಟಾರ್ನಿಕೆಟ್ ಜಾರುತ್ತದೆ, ಸೂಜಿ ಒಳಗೆ ಹೋಯಿತು ಅನ್ನುವಷ್ಟರಲ್ಲಿ ಕೈ ಎಳೆದುಕೊಳ್ಳುತ್ತದೆ. ಈ ವಿಷಯಕ್ಕೇ ಆಂಬುಲೆನ್ಸ್‌ಗಳಲ್ಲಿ ನಡೆದ ರಾಂಪಾರ್ಟ್ ಎಂಬ ಅಧ್ಯಯನ 2012ರಲ್ಲಿ ಹೊರಬಂತು. ಒಂದು ಗುಂಪಿಗೆ ಸ್ನಾಯುವಿಗೆ ಮಿಡಜೋಲಮ್, ಇನ್ನೊಂದಕ್ಕೆ ನರಕ್ಕೆ ಲೊರಾಜೆಪಾಮ್. ಎರಡೂ ಫಿಟ್ಸ್ ನಿಲ್ಲಿಸುವ ಔಷಧಿಗಳೇ. ಮೈಗೆ ಸೇರಿದ ಮೇಲೆ ಬೇಗ ಕೆಲಸ ಮಾಡಿದ್ದು ನರಕ್ಕೆ ಕೊಟ್ಟ ಔಷಧಿಯೇ, ಒಂದೂವರೆ ನಿಮಿಷದ ಆಸುಪಾಸು. ಸ್ನಾಯುವಿಗೆ ಕೊಟ್ಟಿದ್ದಕ್ಕೆ ಮೂರು ನಿಮಿಷದ ಮೇಲೆ ಬೇಕಾಯಿತು. ಆದರೆ ನರ ಹುಡುಕಿ ಔಷಧಿ ಕೊಡುವುದಕ್ಕೇ ಐದು ನಿಮಿಷದ ಹತ್ತಿರ ಹಿಡಿಯಿತು. ಸ್ನಾಯುವಿಗೆ ಕೊಡಲು ಒಂದು ನಿಮಿಷ ಸಾಕಾಯಿತು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಫಿಟ್ಸ್ ನಿಂತವರು ಸ್ನಾಯುವಿನ ಗುಂಪಿನಲ್ಲಿ 73.4%, ನರದ ಗುಂಪಿನಲ್ಲಿ 63.4%. ನಿಧಾನದ ದಾರಿಯೇ ಗೆದ್ದಿತು. ಇದನ್ನು ಓದಿದ ಮೇಲೆ ಫಿಟ್ಸ್ ರೋಗಿಯ ಹತ್ತಿರ ನಾನು ನರ ಹುಡುಕಿಕೊಂಡು ಕೂರುವುದಿಲ್ಲ. ತೊಡೆಗೆ ಕೊಟ್ಟು, ಉಸಿರು ನೋಡಿಕೊಂಡು, ಶುಗರ್ ಪರೀಕ್ಷೆ ಮಾಡುತ್ತೇನೆ. ಶುಗರ್ ಇಳಿದೇ ಫಿಟ್ಸ್ ಬಂದಿರಬಹುದು, ಅಲ್ವಾ?

ಇನ್ನು ಮುಗಿಯುವ ಸಮಯ. ಇದನ್ನು ಮರೆಯುವುದು ಜಾಸ್ತಿ ಸುಲಭ. ಯಾಕೆಂದರೆ ರೋಗಿ ಕಣ್ಣು ಬಿಟ್ಟ ಕೂಡಲೇ ಮನೆಯವರ ಜೊತೆಗೆ ನಮಗೂ ನಿರಾಳ ಆಗಿಬಿಡುತ್ತದೆ.

ಕ್ಯಾನ್ಸರ್ ನೋವಿಗೆ ಮಾರ್ಫಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ಒಬ್ಬ ಅಜ್ಜಿಯ ಮನೆಗೆ ಹೋಗಿದ್ದೆವು. ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಬಗೆಯ ಮಾತ್ರೆ ಅದು. ನೋವು ತಡೆಯಲಾರದೆ ಒಂದರ ಮೇಲೆ ಒಂದು ನುಂಗಿದ್ದರು. ಕರೆದರೆ ಓ ಎನ್ನುತ್ತಿರಲಿಲ್ಲ. ಕಣ್ಣ ಪಾಪೆ ಸೂಜಿ ಮೊನೆಯಷ್ಟು. ನಿಮಿಷಕ್ಕೆ ಆರು ಉಸಿರು. ಮೊದಲು ಬ್ಯಾಗ್ ಮಾಸ್ಕ್ ಹಿಡಿದು ಉಸಿರು ಕೊಟ್ಟೆವು. ಮಾರ್ಫಿನ್ ಪರಿಣಾಮ ಇಳಿಸುವ ನಲೋಕ್ಸೋನ್ ಇದೆ ಎಂದು ಅದಕ್ಕೇ ಓಡಬಾರದು, ಆ ಕ್ಷಣಕ್ಕೆ ಬೇಕಾದ್ದು ಗಾಳಿ. ಆಮೇಲೆ ನರಕ್ಕೆ 0.1 ಮಿಲಿಗ್ರಾಂ, ಕಾದು ಮತ್ತೆ 0.1. ಒಂದೇ ಸಲಕ್ಕೆ ಪೂರ್ತಿ ಕೊಟ್ಟಿದ್ದರೆ ಅವರ ನೋವೂ ಒಂದೇ ಸಲಕ್ಕೆ ವಾಪಸ್ ಬರುತ್ತಿತ್ತು. ನಮಗೆ ಬೇಕಾಗಿದ್ದು ಉಸಿರು, ಎಚ್ಚರ ಅಲ್ಲ. ಉಸಿರು ನಿಮಿಷಕ್ಕೆ 14ಕ್ಕೆ ಬಂತು. ಅಜ್ಜಿ ನಿಧಾನಕ್ಕೆ ಕಣ್ಣು ಬಿಟ್ಟು ಮೊಮ್ಮಗಳ ಮುಖ ನೋಡಿದರು.

"ಹುಷಾರಾದ್ರಲ್ಲ ಸಾರ್, ಇನ್ನು ಆಸ್ಪತ್ರೆ ಯಾಕೆ? ಮನೇಲೇ ಇರಲಿ" ಅಂದರು ಮಗ. ಅವರ ಕಷ್ಟ ನನಗೆ ಅರ್ಥವಾಗುತ್ತಿತ್ತು. ತಿಂಗಳುಗಟ್ಟಲೆ ಆಸ್ಪತ್ರೆ ಸುತ್ತಿ ಸಾಕಾಗಿದ್ದವರು. ನಾನು ನೆಲದ ಮೇಲೆ ಅವರ ಪಕ್ಕ ಕೂತು ಹೇಳಿದೆ, "ನಾನು ಕೊಟ್ಟ ಔಷಧಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇರುತ್ತೆ. ಅಮ್ಮ ನುಂಗಿರೋ ಮಾತ್ರೆ ಅದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಇರುತ್ತೆ. ನನ್ನದು ಮುಗಿದ ಮೇಲೆ ಅದು ಇನ್ನೂ ಅಲ್ಲೇ ಇರುತ್ತೆ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು. ದಾರಿಯಲ್ಲಿ, ಮೊದಲ ಡೋಸ್ ಕೊಟ್ಟು ನಲವತ್ತು ನಿಮಿಷಕ್ಕೆ, ಅಜ್ಜಿಯ ಉಸಿರು ಮತ್ತೆ ಎಂಟಕ್ಕೆ ಇಳಿಯಿತು. ಮಗ ಎದುರಿನ ಸೀಟಿನಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ಸಿರಿಂಜ್ ತಯಾರಿತ್ತು.

ಶುಗರ್ ಇಳಿದವರದ್ದೂ ಇದೇ ಕಥೆ. ಗ್ಲೂಕೋಸ್ ಡ್ರಿಪ್ ಕೊಟ್ಟರೆ ಕೆಲವೇ ನಿಮಿಷದಲ್ಲಿ ಎದ್ದು ಕೂತು ಮಾತಾಡುತ್ತಾರೆ. ಗ್ಲಿಬೆನ್‌ಕ್ಲಮೈಡ್ ಜಾತಿಯ ಶುಗರ್ ಮಾತ್ರೆ ತಿಂದವರಾದರೆ ಗಂಟೆಗಳಾದ ಮೇಲೆ ಶುಗರ್ ಮತ್ತೆ ಬೀಳುತ್ತದೆ. ಹಾಗಾಗಿ ಯಾವ ಮಾತ್ರೆ ಎಂದು ಕೇಳದೆ ಬಿಟ್ಟು ಬರುವುದಿಲ್ಲ. ನರ ಸಿಗದಿದ್ದರೆ ಗ್ಲುಕಗಾನ್ ಒಂದು ಮಿಲಿಗ್ರಾಂ ಸ್ನಾಯುವಿಗೆ. ಅದು ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆಯನ್ನು ಹೊರಗೆ ಬಿಡಿಸುತ್ತದೆ. ಹೊಟ್ಟೆಗಿಲ್ಲದೆ ದಿನಗಟ್ಟಲೆ ಇದ್ದವರಲ್ಲಿ, ಜಾಸ್ತಿ ಕುಡಿಯುವವರಲ್ಲಿ ಅಲ್ಲಿ ಏನೂ ಉಳಿದಿರುವುದಿಲ್ಲ. ಅವರಲ್ಲಿ ಗ್ಲುಕಗಾನ್ ನಂಬಿ ಕಾಯುತ್ತಾ ಕೂರಬಾರದು.

ಎಲ್ಲಕ್ಕಿಂತ ಚಿಕ್ಕ ಆಯಸ್ಸು, ಹೃದಯ ಅತಿ ವೇಗವಾಗಿ ಬಡಿಯುತ್ತಿರುವವರಿಗೆ ಕೊಡುವ ಅಡೆನೊಸಿನ್‌ದು. ರಕ್ತಕ್ಕೆ ಸೇರಿದ ಹತ್ತು ಸೆಕೆಂಡಿನೊಳಗೆ ಅರ್ಧಕ್ಕರ್ಧ ಮಾಯ. ಅದಕ್ಕೇ ಮೊಣಕೈ ಹತ್ತಿರದ ದೊಡ್ಡ ನರ ಬೇಕು, 6 ಮಿಲಿಗ್ರಾಂ ಒತ್ತಿದ ಬೆನ್ನಿಗೇ 20 ಎಂ.ಎಲ್. ಸಲೈನ್ ತಳ್ಳಬೇಕು, ಕೈ ಎತ್ತಿ ಹಿಡಿಯಬೇಕು. ಮುಂಗೈಯ ಸಣ್ಣ ನರಕ್ಕೆ ನಿಧಾನಕ್ಕೆ ಕೊಟ್ಟರೆ ಹೃದಯ ತಲುಪುವ ಮೊದಲೇ ಔಷಧಿ ತೀರಿಹೋಗಿರುತ್ತದೆ. ಕೊಡುವ ಮೊದಲು ರೋಗಿಯ ಭುಜ ಹಿಡಿದು ಹೇಳಿ: "ಕೆಲವು ಸೆಕೆಂಡ್ ಎದೆ ಹಿಂಡಿದ ಹಾಗೆ, ಪ್ರಾಣವೇ ಹೋದ ಹಾಗೆ ಅನ್ಸುತ್ತೆ. ಅದು ಹೋಗುತ್ತೆ. ನಾನು ಇಲ್ಲೇ ಇದ್ದೀನಿ." ಹೇಳದೆ ಕೊಟ್ಟರೆ ಆ ಕೆಲವು ಸೆಕೆಂಡನ್ನು ಅವರು ಜೀವಮಾನದಲ್ಲಿ ಮರೆಯುವುದಿಲ್ಲ.

ಕೆಲವು ಗಡಿಯಾರಗಳು ನಾವು ತಲುಪುವ ಮೊದಲೇ ಓಡುತ್ತಿರುತ್ತವೆ. ಅಪಘಾತದ ರಕ್ತಸ್ರಾವಕ್ಕೆ ಟ್ರಾನೆಕ್ಸಾಮಿಕ್ ಆಸಿಡ್ ಕೊಡುತ್ತೇವೆ, ಒಂದು ಗ್ರಾಂ, ಹತ್ತು ನಿಮಿಷದಲ್ಲಿ. 1960ರ ದಶಕದ ಶುರುವಿನಲ್ಲಿ ಜಪಾನಿನ ಉಟಾಕೊ ಒಕಮೊಟೊ ಮತ್ತು ಅವರ ಗಂಡ ಶೊಸುಕೆ ಕಂಡುಹಿಡಿದ ಔಷಧಿ ಇದು. 2010ರ ಕ್ರಾಶ್-2 ಅಧ್ಯಯನದಲ್ಲಿ 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನೋಡಿದಾಗ ಸಾವು ಕಡಿಮೆಯಾಗಿದ್ದು ಕಂಡಿತು. ಆದರೆ ಗಾಯವಾಗಿ ಮೂರು ಗಂಟೆ ದಾಟಿದ ಮೇಲೆ ಕೊಟ್ಟವರಲ್ಲಿ ರಕ್ತಸ್ರಾವದ ಸಾವು ಹೆಚ್ಚಾಗಿತ್ತು. ಅದಕ್ಕೇ ಅಪಘಾತದ ಜಾಗದಲ್ಲಿ ನನ್ನ ಮೊದಲ ಪ್ರಶ್ನೆಗಳಲ್ಲಿ ಒಂದು, "ಎಷ್ಟು ಹೊತ್ತಿಗೆ ಆಯ್ತು?" ಈಗತಾನೇ ಆಯ್ತು ಅನ್ನುತ್ತಾರೆ. ಬಿಡದೆ ಕೇಳಿ. ಮೊದಲು ಫೋನ್ ಮಾಡಿದವರ ಮೊಬೈಲಿನಲ್ಲಿ ಆ ಕರೆಯ ಸಮಯ ಇರುತ್ತದೆ.

ಎದೆನೋವಿನವರಿಗೆ ನಾಲಿಗೆಯಡಿ ನೈಟ್ರೋಗ್ಲಿಸರಿನ್ ಕೊಡುವ ಮೊದಲು ಸಿಲ್ಡೆನಾಫಿಲ್ (ವಯಾಗ್ರಾ) ಜಾತಿಯ ಲೈಂಗಿಕ ಶಕ್ತಿಯ ಮಾತ್ರೆ ತಿಂದಿದ್ದಾರಾ ಎಂದು ಕೇಳಲೇಬೇಕು. ಅದಾಗಿ 24 ಗಂಟೆ, ಟಾಡಲಾಫಿಲ್ ಆದರೆ 48 ಗಂಟೆ ನೈಟ್ರೋಗ್ಲಿಸರಿನ್ ಕೊಡುವಂತಿಲ್ಲ. ಬಿಪಿ ಪಾತಾಳಕ್ಕೆ ಇಳಿಯುತ್ತದೆ. ಮನೆಯವರೆಲ್ಲ ಸುತ್ತ ನಿಂತಿರುವಾಗ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ನಾನು ಆಂಬುಲೆನ್ಸ್ ಬಾಗಿಲು ಹಾಕಿದ ಮೇಲೆ ಮೆಲ್ಲಗೆ ಕೇಳುತ್ತೇನೆ.

ಈಗ ನಾನು ಮಾಡುವ ಕೆಲಸ ಚಿಕ್ಕದು. ಡ್ಯೂಟಿ ಶುರುವಿನಲ್ಲಿ ಒಂದು ಗೇಣು ಉದ್ದದ ಬಿಳಿ ಪ್ಲಾಸ್ಟರ್ ಹರಿದು ಎಡ ತೊಡೆಯ ಮೇಲೆ ಪ್ಯಾಂಟಿಗೆ ಅಂಟಿಸಿಕೊಳ್ಳುತ್ತೇನೆ. ಔಷಧಿ ಕೊಟ್ಟ ಕೂಡಲೇ ಗಂಟೆ ಎಷ್ಟು ಎಂದು ಬಾಯಿಬಿಟ್ಟು ಹೇಳಿ, ಅದರ ಮೇಲೆ ಬರೆಯುತ್ತೇನೆ. ಕೈಗವಸಿನ ಮೇಲೆ ಬರೆಯುವವರಿದ್ದಾರೆ. ಕೈಗವಸು ಬಿಚ್ಚಿ ಎಸೆದಾಗ ಲೆಕ್ಕವೂ ಕಸದ ಬುಟ್ಟಿಗೆ ಹೋಗುತ್ತದೆ.

ಹೋದ ತಿಂಗಳು ಕಣಜ ಕಚ್ಚಿದ ಹುಡುಗಿಯೊಬ್ಬಳನ್ನು ಕರೆದುಕೊಂಡು ಹೋಗಿದ್ದೆವು. ನಗುತ್ತಾ ಮಾತಾಡುತ್ತಿದ್ದಳು. ಇಷ್ಟು ಚೆನ್ನಾಗಿದ್ದಾಳಲ್ಲ, ಬೇಗ ಮನೆಗೆ ಕಳಿಸಬಹುದೇನೋ ಎಂದು ಅಲ್ಲಿಯ ಡ್ಯೂಟಿ ಡಾಕ್ಟರ್ ಯೋಚಿಸುತ್ತಿದ್ದರು. ನಾನು ಪ್ಲಾಸ್ಟರ್ ಕಿತ್ತು ಕೇಸ್ ಶೀಟಿನ ಮೇಲೆ ಅಂಟಿಸಿದೆ. ಅಡ್ರಿನಲಿನ್ 10:42. ಎರಡನೇದು 10:48. ಮೂರನೇದು 10:55. ಡಾಕ್ಟರ್ ಅದನ್ನು ಎರಡು ಸಲ ಓದಿದರು. ಆಮೇಲೆ ನರ್ಸ್ ಕಡೆ ತಿರುಗಿ, ಈ ಮಗುವನ್ನು ರಾತ್ರಿಯಿಡೀ ಮಾನಿಟರ್ ಇರುವ ಬೆಡ್‌ನಲ್ಲೇ ಇಟ್ಟುಕೊಳ್ಳಿ ಅಂದರು.