ನೀಲಿಮೊಗದ ಫಿಂಚ್: ಮೂರನೇ ಸಲ, ಅರ್ಧ ಗೆಲುವು

ಮೌಂಟ್ ಲೂಯಿಸ್ ಬೆಟ್ಟಕ್ಕೆ ಮೂರನೇ ಸಲ ಹೋಗಿ ಬಂದೆ. ಹಿಂದಿನದನ್ನು ಓದದವರಿಗೆ ಒಂದು ಮಾತು: ನಾನಿರುವುದು ಆಸ್ಟ್ರೇಲಿಯಾದ ಕೇರ್ನ್ಸ್‌ನಲ್ಲಿ, ಈ ಮಳೆಗಾಲಕ್ಕೆ ಹಿಡಿದಿರುವ ಹುಚ್ಚು ನೀಲಿಮೊಗದ ಪ್ಯಾರಟ್‌ಫಿಂಚ್‌ನ ಒಂದೇ ಒಂದು ಸರಿಯಾದ ಫೋಟೋ. ಹಕ್ಕಿ ಬರೀ 12 ಸೆಂಟಿಮೀಟರ್. ಮೈಯೆಲ್ಲ ಗಿಳಿಹಸಿರು, ಮುಖ ನೀಲಿ, ಬಾಲ ಕೆಂಪು. ನಮ್ಮ ಗದ್ದೆಯ ರಾಟವಾಳದ ಕುಟುಂಬದ್ದೇ. ನ್ಯೂಗಿನಿ, ಸುಲವೇಸಿ, ಸೊಲೊಮನ್ ದ್ವೀಪಗಳ ಬೆಟ್ಟದ ಕಾಡುಗಳಲ್ಲೂ ಇದೆ, ಆದರೆ ಆಸ್ಟ್ರೇಲಿಯಾದಲ್ಲಿ ನೋಡಬೇಕಂದ್ರೆ ಈ ಈಶಾನ್ಯ ಮೂಲೆಗೇ ಬರಬೇಕು.

ನವೆಂಬರ್‌ನಲ್ಲಿ ಮೊದಲ ಸಲ ಹೋದಾಗ ಕೆಂಪು ಬಾಲದ ಬುಡ ಕಂಡಿದ್ದೇ ಕುಣಿದುಬಿಟ್ಟಿದ್ದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಬೂದು ತಲೆ, ಕೆಂಪು ಹುಬ್ಬು! ಅದು ಇಲ್ಲಿ ಹಿತ್ತಲಲ್ಲೂ ಸಿಗುವ ಕೆಂಪುಹುಬ್ಬಿನ ಫಿಂಚ್. ಎರಡನೇ ಸಲ ಹಕ್ಕಿ ಬಂತು, ಲೆನ್ಸ್ ಕೈಕೊಟ್ಟಿತು. ಕಾರಲ್ಲಿ ಎಸಿ ಹಾಕಿಕೊಂಡು ಹೋಗಿ ಒದ್ದೆ ಗಾಳಿಗೆ ಕ್ಯಾಮೆರಾ ತೆಗೆದರೆ ಗಾಜಿನ ಮೇಲೆ ಮಂಜು ಕೂರದೆ ಇನ್ನೇನಾಗುತ್ತೆ? ತಪ್ಪು ನನ್ನದೇ.

ಈ ಸಲ ಎಸಿ ಇಲ್ಲ, ಕಿಟಕಿ ಇಳಿಸಿ, ಕ್ಯಾಮೆರಾ ಪಕ್ಕದ ಸೀಟಲ್ಲಿ. ಹೆದ್ದಾರಿ ಬಿಟ್ಟು ಮಣ್ಣುರಸ್ತೆಯಲ್ಲಿ ಸುಮಾರು 10 ಕಿಲೋಮೀಟರ್ ಮೇಲೆ ಹೋದರೆ ಕಾಡಿನ ನಡುವೆ ಒಂದು ಹುಲ್ಲುಬಯಲು ಸಿಗುತ್ತದೆ. ಇಷ್ಟು ದಿನ ನಾನು ಮರದ ಕಡೆ ಕತ್ತೆತ್ತಿ ಕೂರುತ್ತಿದ್ದೆ. ಈ ಹಕ್ಕಿ ಬರುವುದು ಹುಲ್ಲಿನ ಬೀಜಕ್ಕೆ ಅಂತ ಗೊತ್ತಿದ್ದೂ ಹುಲ್ಲನ್ನೇ ನೋಡಿರಲಿಲ್ಲ, ಅದೂ ಗದ್ದೆ ಬದುವಿನ ಮೇಲೆ ಬೆಳೆದವನು. ಒಂದು ತೆನೆ ಕಿತ್ತು ಉಗುರಲ್ಲಿ ಒತ್ತಿದೆ. ಒಂದು ಬದಿಯ ಹುಲ್ಲೆಲ್ಲ ಆಗಲೇ ಉದುರಿ ಖಾಲಿ, ನೆರಳಿನ ಬದಿಯದು ಇನ್ನೂ ಹಾಲುಗಾಳು. ಸರಿ, ನೆರಳಿನ ಬದಿಗೇ ಕೂತೆ. ಇಂಬಳಗಳಿಗೆ ಹಬ್ಬ. ಮಲೆನಾಡಿನವನಾದ್ದರಿಂದ ಅದೇನೂ ಹೊಸದಲ್ಲ, ಆದರೂ ಕಾಲುಚೀಲದೊಳಗೆ ನಾಲ್ಕು ಅಂದರೆ ಜಾಸ್ತಿನೇ ಆಯಿತು.

ಐವತ್ತು ನಿಮಿಷ ಏನೂ ಇಲ್ಲ. ಆಮೇಲೆ ತೆಳ್ಳನೆ ಚೂಪು ದನಿ, ಎರಡು ಹಕ್ಕಿ. ಒಂದು ಹುಲ್ಲಿನ ಕಡ್ಡಿ ಹಿಡಿದು ಮೇಲೆ ಹತ್ತಿತು, ಕಡ್ಡಿ ಬಾಗಿತು, ಅದು ಬಾಗಿದಲ್ಲೇ ಕೂತು ತೆನೆಯನ್ನು ಕಪ್ಪು ಕೊಕ್ಕಿನಲ್ಲಿ ಅಡ್ಡಡ್ಡ ಎಳೆದು ಸಿಪ್ಪೆ ಉದುರಿಸುತ್ತಾ ತಿಂದಿತು. ಬೆನ್ನು ಹುಲ್ಲಿನ ಬಣ್ಣವೇ ಆದ್ದರಿಂದ ತಲೆ ಆ ಕಡೆ ತಿರುಗಿದರೆ ಹಕ್ಕಿ ಇದೆ ಅಂತಲೇ ಗೊತ್ತಾಗಲ್ಲ. ಇನ್ನೊಂದರ ಮುಖದಲ್ಲಿ ನೀಲಿ ಕಮ್ಮಿ, ಬಣ್ಣವೂ ಮಂಕು. ಹೆಣ್ಣಿರಬೇಕು.

ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಚುರುಕು, 6400; ಶಟರ್ ಸೆಕೆಂಡಿನ 1/250. 43 ಫೋಟೋದಲ್ಲಿ ಉಳಿದದ್ದು ಎರಡು. ಒಂದರಲ್ಲಿ ಮುಖ ಚೂಪಾಗಿದೆ ಆದರೆ ಕಣ್ಣಿಗೆ ಅಡ್ಡ ಒಂದು ಹುಲ್ಲೆಳೆ, ಇನ್ನೊಂದರಲ್ಲಿ ಬಾಲ ಅದ್ಭುತ, ತಲೆ ಇಲ್ಲ.

ಎದುರು ಬದಿಯಲ್ಲಿ ಇನ್ನೊಂದು ತುಂಡು ಹುಲ್ಲು ಈಗಷ್ಟೇ ತೆನೆ ಬಿಡುತ್ತಿದೆ. ಅದು ಹಾಲು ತುಂಬಲು ಹತ್ತು ದಿನ ಬೇಕೇನೋ. ರಸ್ತೆ ಕೊಚ್ಚಿ ಹೋಗದಿದ್ದರೆ ಮುಂದಿನ ವಾರ ಕಳೆದು ಹೋಗುತ್ತೇನೆ, ಕಾಲುಚೀಲದ ಮೇಲೆ ಉಪ್ಪಿನ ಬಟ್ಟೆ ಕಟ್ಟಿಕೊಂಡು.