ಎದುರಿಗೆ ಕೂತ ಓರಗಿತ್ತಿ

ಬೈಲಕುಪ್ಪೆ ಅಂದರೆ ನಮಗೆಲ್ಲ ಗೋಲ್ಡನ್ ಟೆಂಪಲ್ ನೋಡಿ, ಫೋಟೋ ತೆಗೆಸಿಕೊಂಡು, ಮೊಮೊ ತಿಂದು ಬರುವ ಊರು, ಅಲ್ವಾ? ನಾನೂ ಎಷ್ಟೋ ವರ್ಷ ಅಷ್ಟೇ ಮಾಡಿದ್ದು. ಈ ಸಲ ಅಲ್ಲಿನ ಒಂದು ಮಠದಲ್ಲಿ ಚೆನ್ರೆಜಿಗ್ ದೀಕ್ಷೆ ಇದೆ, ಯಾರು ಬೇಕಾದರೂ ಕೂರಬಹುದು ಅಂತ ಗೊತ್ತಾಗಿ ಮೈಸೂರಿಂದ ಮೊದಲ ಬಸ್ಸಿಗೇ ಹೊರಟೆ.

ಚೆನ್ರೆಜಿಗ್ ಅಂದರೆ ಅವಲೋಕಿತೇಶ್ವರ, ಕರುಣೆಯ ಬೋಧಿಸತ್ವ. ನಮಗೇನು ಹೊಸಬನಲ್ಲ. ಕದ್ರಿ ಮಂಜುನಾಥನ ಗುಡಿಯಲ್ಲಿ ಮೂರು ಮುಖ, ಆರು ಕೈಯ ಕಂಚಿನ ಲೋಕೇಶ್ವರ ಇದ್ದಾನಲ್ಲ, 968ರಲ್ಲಿ ಆಳುಪರ ಕುಂದವರ್ಮ ಪ್ರತಿಷ್ಠೆ ಮಾಡಿಸಿದ್ದು, ಅವನೇ ಇವನು ಅಂತ ಬಹಳ ವಿದ್ವಾಂಸರು ಹೇಳುತ್ತಾರೆ. ಅಜ್ಜಿ ಜೊತೆ ಹೋಗಿ ಕೈಮುಗಿದಾಗ ಇದೆಲ್ಲ ಯಾರಿಗೆ ಗೊತ್ತಿತ್ತು!

ದೀಕ್ಷೆಗೆ ಟಿಬೆಟನ್ನರು ವಾಂಗ್ ಅನ್ನುತ್ತಾರೆ. ಹೋದ ಕೂಡಲೇ ಮಂತ್ರ ಕೊಟ್ಟುಬಿಡುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಬಾಗಿಲಲ್ಲಿ ಕೇಸರಿ ನೀರಿಂದ ಬಾಯಿ ಮುಕ್ಕಳಿಸಿ ಒಳಗೆ ಕೂತೆವು. ಲಾಮಾ ಮೊದಲು ಕೇಳಿದ್ದು, ಯಾಕೆ ಬಂದಿರಿ ಅಂತ. ನಿಮ್ಮ ಪುಣ್ಯಕ್ಕೆ ಅಂತ ಬಂದಿದ್ದರೆ ಸಾಲದು, ಎಲ್ಲ ಜೀವಿಗಳ ಸಲುವಾಗಿ ತಗೊಳ್ಳಿ ಅಂದರು. ಆಮೇಲೆ ಮನಸ್ಸಲ್ಲೇ ಎಲ್ಲರನ್ನೂ ಕೂರಿಸಬೇಕು: ಬಲಕ್ಕೆ ಅಪ್ಪ, ಎಡಕ್ಕೆ ಅಮ್ಮ, ಸುತ್ತ ಬಂಧುಬಳಗ. ಎದುರಿಗೆ? ಆಗದವರು.

ನನಗೆ ಹುಡುಕುವ ಕಷ್ಟವೇ ಇರಲಿಲ್ಲ. ಓರಗಿತ್ತಿ ತಾನಾಗೇ ಬಂದು ಕೂತಳು, ಅದೂ ನನಗೆ ಬೆನ್ನು ಹಾಕಿ. ಅಷ್ಟರಲ್ಲಿ ಪುಟ್ಟ ಭಿಕ್ಷುಗಳು ದೊಡ್ಡ ಕೆಟಲ್ ಹಿಡಿದು ಓಡೋಡಿ ಬಂದು ಉಪ್ಪು ಹಾಕಿದ ಬೆಣ್ಣೆ ಚಹಾ ಸುರಿದರು. ನನಗಂತೂ ಒಂದು ಗುಟುಕಿಗೇ ಸಾಕಾಯ್ತು.

ಎಲ್ಲರನ್ನೂ ಪಾರು ಮಾಡುತ್ತೇನೆ ಅಂತ ಹೊರಟ ಅವಲೋಕಿತೇಶ್ವರನಿಗೇ ಲೋಕದ ಸಂಕಟ ನೋಡಲಾಗದೆ ತಲೆ ಹೋಳಾಗಿ ಹೋಯಿತಂತೆ. ಗುರು ಅಮಿತಾಭ ಆ ಹೋಳುಗಳನ್ನೇ 11 ತಲೆ ಮಾಡಿ, 1000 ಕೈ ಕೊಟ್ಟು, ಒಂದೊಂದು ಅಂಗೈಗೂ ಒಂದೊಂದು ಕಣ್ಣಿಟ್ಟನಂತೆ. ನನಗಿರೋದು ಎರಡು ಕೈ, ಒಬ್ಬಳೇ ಓರಗಿತ್ತಿ. ಅದೇ ಜಾಸ್ತಿಯಾಗಿತ್ತು.

ಕೊನೆಗೆ ಸಾಲಲ್ಲಿ ನಿಂತು, ನವಿಲುಗರಿ ಸಿಕ್ಕಿಸಿದ ಕಲಶ ತಲೆಗೆ ಮುಟ್ಟಿಸಿಕೊಂಡು, ಅಂಗೈಯಲ್ಲಿ ತೀರ್ಥ ತಗೊಂಡು, ಗಂಟು ಹಾಕಿದ ಕೆಂಪು ದಾರ ಕಟ್ಟಿಸಿಕೊಂಡು ಬಂದೆ. ನಮ್ಮ ದೇವಸ್ಥಾನದ ಥರಾನೇ.

ಈಗ ದಿನಾ ಬೆಳಗ್ಗೆ 108 ಸಲ ‘ಓಂ ಮಣಿ ಪದ್ಮೇ ಹೂಂ’. ದಿನಾ ಅವಳನ್ನು ಎದುರಿಗೆ ಕೂರಿಸಬೇಕು. ಮೊದಮೊದಲು ಬರೀ ಬೆನ್ನು, ಜಡೆ. ಮೊನ್ನೆ ಸ್ವಲ್ಪ ತಿರುಗಿದಳು. ಕಿವಿಯಲ್ಲಿ ಅತ್ತೆಯ ಕೆಂಪಿನೋಲೆ. ನಮ್ಮ ಜಗಳ ಶುರುವಾಗಿದ್ದೇ ಆ ಓಲೆಯಿಂದ. ಅವಳಿಗೆ ಚೆನ್ನಾಗೇ ಒಪ್ಪುತ್ತಿತ್ತು. ಎಷ್ಟನೇ ಮಣಿಯಲ್ಲಿದ್ದೆನೋ ಮರೆತು, ಮತ್ತೆ ಒಂದರಿಂದ ಎಣಿಸಿದೆ.