ಒಂದು ಕಿವಿ ಖಾಲಿ

ನಿನ್ನೆ ಸಂಜೆ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದೆ. ಎರಡೂ ಕಿವಿಗೆ ಇಯರ್‌ಫೋನ್, ಬೆನ್ನಿಗೆ ಬ್ಯಾಗು. ಮುಂದಿನ ಬಾಗಿಲಲ್ಲಿ ಕಾಲಿಡಲು ಜಾಗ ಇಲ್ಲ. 2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಕಡೆ ರಶ್ ಜಾಸ್ತಿನೇ. (ದೂರು ಅಲ್ಲ, ನಾನೂ ಝೀರೋ ಟಿಕೆಟ್ ಗಿರಾಕಿನೇ.)

ಕಾರ್ಪೊರೇಷನ್ ದಾಟುವ ಹೊತ್ತಿಗೆ ಖಾಲಿ ಹೂಬುಟ್ಟಿ ಹಿಡಿದ ಅಜ್ಜಿಯೊಬ್ಬರು ಮೊಣಕೈಯಿಂದ ತಿವಿದರು. ಇಯರ್‌ಫೋನ್ ತೆಗೆದೆ. "ಎಷ್ಟು ಸಲ ಕೂಗೋದಮ್ಮಾ? ಬ್ಯಾಗು ಬಾಯಿ ಬಿಟ್ಕೊಂಡಿದೆ, ಮುಂದಕ್ಕೆ ಹಾಕ್ಕೋ." ನೋಡಿದರೆ ಜಿಪ್ ಪೂರ್ತಿ ತೆರೆದಿದೆ. ಟಿಫಿನ್ ಡಬ್ಬಿಯ ಚಮಚ ಹೊರಗೆ ಇಣುಕುತ್ತಿದೆ. ಪರ್ಸ್ ಅದರ ಅಡಿಯಲ್ಲಿತ್ತು, ಸದ್ಯ. ಬಿಸಿಬೇಳೆಬಾತ್ ಮೆತ್ತಿದ ಡಬ್ಬಿಗೆ ಯಾರು ಕೈ ಹಾಕುತ್ತಾರೆ!

ಜೇಬುಗಳ್ಳರು ಕೈಚಳಕ ತೋರಿಸುವುದು ಹೆಚ್ಚಾಗಿ ಹತ್ತುವಾಗ, ಇಳಿಯುವಾಗಲೇ. ಆಗ ನಮ್ಮ ಕಣ್ಣೆಲ್ಲ ಬೋರ್ಡಿನ ಮೇಲೆ, ಮೆಟ್ಟಿಲ ಮೇಲೆ ಅಲ್ವಾ. ಮೈಗೆ ಯಾರು ತಾಗಿದರೂ ನೂಕುನುಗ್ಗಲು ಅಂತಲೇ ಅನ್ನಿಸುತ್ತದೆ. ಬೇಕಂತಲೇ ಒರಗುವವರಿಗೂ ಅದೇ ನೆಪ. ಅಂಥವರ ಮುಂದೆ ವರ್ಷಗಟ್ಟಲೆ ಸುಮ್ನೆ ಸರಿದು ನಿಂತಿದ್ದೇನೆ. ಈಗ "ಸ್ವಲ್ಪ ದೂರ ನಿಲ್ಲಿ ಸಾರ್" ಅಂತ ಕಂಡಕ್ಟರಿಗೂ ಕೇಳುವ ಹಾಗೆ ಹೇಳುತ್ತೇನೆ. ತುರ್ತು ಸಹಾಯದ 112 ಫೋನಿನಲ್ಲಿದೆ, ಅದರ ಸರದಿ ಇನ್ನೂ ಬಂದಿಲ್ಲ.

ಇವತ್ತು ಬ್ಯಾಗು ಹೊಟ್ಟೆ ಮೇಲೆ, ಒಂದೇ ಕಿವಿಗೆ ಹಾಡು. ಅಜ್ಜಿ ಮಾತ್ರ ಕಾಣಲಿಲ್ಲ.